ಎಡಗಡೆ ಕಿಟಕಿ

ನಗೋದಿದ್ರೆ ಈಗಲೇ ನಕ್ಕುಬಿಡಿ. ಮಧ್ಯದಲ್ಲಿ ನಕ್ಕರೆ ನಾನು ಎದ್ದು ಹೋಗ್ತೀನಿ.

ಹೋದ ನವೆಂಬರ್. ರಾತ್ರಿ ಹತ್ತೂವರೆ. ನಾವಿರೋ ಊರು ಫುಲ್‌ಶೀರ್‌ನಲ್ಲಿ ನಮ್ಮ ಮನೆ ಹಿಂದಿನ ಕೆರೆ ದಂಡೆ ಮೇಲೆ ನಡ್ಕೊಂಡು ಬರ್ತಿದ್ದೆ. ಪಕ್ಕದಲ್ಲಿ ಕಾರು ಬಂದು ನಿಂತಿದ್ದೇ ಗೊತ್ತಾಗಲಿಲ್ಲ... ಅಷ್ಟು ಮೆತ್ತಗೆ. ನೋಡಿದ್ರೆ ಪಕ್ಕದ ಮನೆ ಶ್ಯಾಮಸುಂದರ ಅಂಕಲ್.

"ಪ್ರದ್ಯುಮ್ನ, ಆಸ್ಟಿನ್‌ವರೆಗೂ ಬರ್ತೀಯಾ? ಇದನ್ನ ಮಾರಿಬಿಟ್ಟೆ. ಒಬ್ಬನೇ ಹೋಗಿ ಕೊಟ್ಟು ಬರಕ್ಕೆ ಆಗ್ತಿಲ್ಲ ಕಣೋ."

ಎರಡನೇ ಮಹಾಯುದ್ಧ ಮುಗಿದು ಆರು ವರ್ಷಕ್ಕೆ ಇಂಗ್ಲೆಂಡಿನಲ್ಲಿ ತಯಾರಾದ ಬೆಂಟ್ಲಿ ಕಾರು ಅದು. ಲಂಡನ್ನಿನ ಯಾರೋ ವಕೀಲರದ್ದು. ಆಮೇಲೆ ಹಡಗಿನಲ್ಲಿ ಬಂದು, ಡಲ್ಲಾಸ್‌ನ ಒಂದು ಗರಾಜಿನಲ್ಲಿ ಮೂವತ್ತು ವರ್ಷ ತುಕ್ಕು ಹಿಡಿದು ಕೂತಿತ್ತು. ಅಂಕಲ್ ಮತ್ತು ಗೋದಾವರಿ ಆಂಟಿ ಸೇರಿ ಅದಕ್ಕೆ ಜೀವ ಕೊಟ್ಟಿದ್ರು.

ಸ್ಟೀರಿಂಗ್ ಬಲಗಡೆ. ಇಲ್ಲಿ ಗಾಡಿ ಓಡೋದು ರಸ್ತೆಯ ಬಲಗಡೆ, ಹಾಗಾಗಿ ಮುಂದಿನ ಟ್ರಕ್ ದಾಟುವಾಗ ಎದುರಿಂದ ಬರೋದು ಅಂಕಲ್‌ಗೆ ಕಾಣ್ತಿರಲಿಲ್ಲ. ಎಡಗಡೆ ಕೂತ ಆಂಟಿ ಕಿಟಕಿ ಇಳಿಸಿ, ಬಗ್ಗಿ ನೋಡಿ, ಬಳೆ ಕೈಯಲ್ಲಿ ಬಾಗಿಲಿನ ಮರಕ್ಕೆ ತಟ್ಟೋರು. ಒಂದು ಸಲ ಅಂದ್ರೆ ಬೇಡ. ಎರಡು ಸಲ ಅಂದ್ರೆ ಹೋಗಿ.

ಎರಡು ವರ್ಷದ ಹಿಂದೆ ಒಂದೇ ಸಲ ತಟ್ಟಿದ್ರು. ಅಂಕಲ್ ಅವಸರದಲ್ಲಿದ್ರು, ಹೋಗಿಬಿಟ್ರು... ಆಂಟಿ ಉಳೀಲಿಲ್ಲ.

ನಜ್ಜುಗುಜ್ಜಾದ ಬಾಗಿಲನ್ನ ಅಂಕಲ್ಲೇ ಸರಿ ಮಾಡಿದ್ರು. ಗಾಜು ಇಳಿಸೋ ಹಿಡಿ ಮಾತ್ರ ಹಾಕಲಿಲ್ಲ. ಅದನ್ನ ಆಂಟಿ ಫೋಟೊ ಮುಂದೆ ಇಟ್ಟುಕೊಂಡಿದ್ರು. ಗಾಜು ಅವತ್ತಿಂದ ಮುಚ್ಚಿದ್ದು ಮುಚ್ಚಿದ ಹಾಗೇ.

ನಾನು ಹಿಂದೆ ಕೂತೆ. ಆ ಸೀಟಲ್ಲಿ ಕೂರೋ ಧೈರ್ಯ ಯಾರಿಗಿದೆ?

ಊರು ದಾಟಿದ ಮೇಲೆ ಮುಂದೆ ಹುಲ್ಲಿನ ಟ್ರಕ್ ಒಂದು ತೆವಳ್ತಾ ಇತ್ತು. ಅಂಕಲ್ ನಿಧಾನ ಮಾಡಿದ್ರು. ಆಗ...

ಟಕ್.

ಅದರ ಹಿಂದೇನೇ ಸಣ್ಣಗೆ, ಗಾಜಿನ ಬಳೆ... ಕಿಣ್.

ಎಡಕ್ಕೆ ಬಗ್ಗಿ ನೋಡಿದೆ. ನೆಟ್ಟಗಿನ ರಸ್ತೆ, ಒಂದು ಲೈಟೂ ಇಲ್ಲ.

"ಅಂಕಲ್... ಖಾಲಿ ಇದೆ, ಹೋಗಿ."

"ಅವಳು ಹೇಳ್ಲಿ," ಅಂದ್ರು ಪಿಸುಮಾತಲ್ಲಿ. "ಇವತ್ತು ಕಾಯ್ತೀನಿ."

ಎರಡು ಮೈಲಿ ಆ ಟ್ರಕ್ ಹಿಂದೇನೇ ಹೋದ್ವಿ. ಆಮೇಲೆ... ಟಕ್, ಟಕ್. ಅಂಕಲ್ ದಾಟಿದ್ರು.

ಎದುರಿಂದ ಏನೂ ಬರಲಿಲ್ಲ. ಲಾರಿ ಬಂತು, ಸ್ವಲ್ಪದರಲ್ಲಿ ಉಳ್ಕೊಂಡ್ವಿ ಅಂದಿದ್ರೆ ನಿಮಗೂ ಸಮಾಧಾನ ಆಗ್ತಿತ್ತು. ಬರಲಿಲ್ಲ. ಅಂಕಲ್ ಆಸ್ಟಿನ್‌ವರೆಗೂ ಮಗು ಥರ ಅತ್ತರು. ನಾನೂ ಅತ್ತೆ, ಹೇಳ್ಕೊಳ್ಳಕ್ಕೆ ನಾಚಿಕೆ ಏನು?

ಕಾರು ತಗೊಂಡವನು ಟಾರ್ಚ್ ಹಿಡಿದು ಸುತ್ತ ನೋಡಿದ. ಎಡಗಡೆ ಬಾಗಿಲ ಹತ್ರ ನಿಂತು, ಈ ಕಿಟಕಿಯ ಹಿಡಿ ಎಲ್ಲಿ ಅಂತ ಕೇಳಿದ.

ಬೆಳಗ್ಗೆ ಫುಲ್‌ಶೀರ್‌ಗೆ ವಾಪಸ್ ಬಂದು ನಾನೇ ನೋಡಿದೆ. ಹಿಡಿ ಫೋಟೊ ಮುಂದೇನೇ ಇತ್ತು. ಆದ್ರೆ ಆಣೆ ಮಾಡಿ ಹೇಳ್ತೀನಿ... ಆಸ್ಟಿನ್‌ನಲ್ಲಿ ಆ ಗಾಜು ಪೂರ್ತಿ ಇಳಿದಿತ್ತು.