ಕೊನೆಯದೊಂದು ಲೈಸೆನ್ಸು

ನಮ್ಮ ಡುಲೂತ್ ಊರಿನ ಬೇಕರಿ ಸಾಲಿನಲ್ಲಿ ನನ್ನ ಮುಂದೆ ನಮ್ಮ ಗ್ರಂಥಾಲಯದವರಿಬ್ಬರು ನಿಂತಿದ್ದರು. ಆರ್ಲಿಸ್ ಖರೀದಿ ನೋಡುವವಳು, ಮರ್ನಾ ಕಂಪ್ಯೂಟರ್ ನೋಡುವವಳು.

“ಸಾಫ್ಟ್‌ವೇರ್ ಲೈಸೆನ್ಸು ತಲೆಗೊಂದು ಎಣಿಸಿ ತಗೊಳ್ಳೋದೋ, ಎಷ್ಟು ಜನಕ್ಕಾದ್ರೂ ಆಗೋ ದೊಡ್ಡ ಪ್ಲಾನೋ? ಇವತ್ತೇ ಹೇಳ್ಬೇಕು ಕಣೇ,” ಎಂದಳು ಆರ್ಲಿಸ್.

“ಎಣಿಸಿದ್ದೇ ಸಾಕು. ಹೋದ ವರ್ಷದ್ದೇ ಒಂದು ಹಾಗೇ ಉಳಿದಿದೆ.”

“ಉಳಿದಿದ್ಯಾ? ಮತ್ತೆ ಆ ಹೊಸಬ ಲಾಯ್ಡ್ ಉಗ್ರಾಣದ ಟೈಪ್‌ರೈಟರ್ ಕುಟ್ತಿದ್ದಾನಲ್ಲೇ!”

“ತಗೊಳ್ಳಪ್ಪಾ ಅಂದೆ. ‘ಕೊನೇದು, ಬೇರೆ ಯಾರಿಗಾದ್ರೂ ಬೇಕಾಗ್ಬಹುದು’ ಅಂದ.”

“ಪಾಪ, ಒಳ್ಳೇ ಮನೆಯವನು, ನಮ್ಮೂರೋರ ಹಾಗೇ ಕೊನೇದಕ್ಕೆ ಕೈ ಹಾಕಲ್ಲ. ಇನ್ನೊಂದು ಜಾಸ್ತಿ ತರಿಸಿದ್ರೆ?”

“ಅವನು ತಗೋತಾನೆ. ಆಮೇಲೆ ಆ ಇನ್ನೊಂದು ಕೊನೇದಾಗಿ ಉಳಿಯುತ್ತೆ. ಮುಂದೆ ಬರೋನೂ ಟೈಪ್‌ರೈಟರ್ ಕೇಳ್ತಾನೆ.”

“ಹಾಗಾದ್ರೆ ದೊಡ್ಡ ಪ್ಲಾನೇ ಇರ್ಲಿ. ಎಣಿಕೆನೇ ಇಲ್ಲ ಅಂದ್ಮೇಲೆ ಕೊನೇದು ಎಲ್ಲಿಂದ ಬರುತ್ತೆ?”

“ದುಪ್ಪಟ್ಟು ಬೆಲೆ ಮಾರಾಯ್ತಿ!”

“ಮರ್ಯಾದೆಗೂ ಬೆಲೆ ಕಟ್ತೀಯಾ?”

ಅವರ ಸರದಿ ಬಂತು. ಗಾಜಿನ ಹಿಂದೆ ಒಂದೇ ಡೋನಟ್ ಇತ್ತು.

“ನೀನು ತಗೋ.”

“ಅಯ್ಯೋ, ನೀನೇ ತಗೋ.”

ಕೊನೆಗೆ ಅದನ್ನು ಕತ್ತರಿಸಿ ಅರ್ಧ ಕೊಡಿ ಎಂದರು. ಆ ಅರ್ಧವನ್ನೇ ಹಂಚಿಕೊಂಡು ತಿನ್ನುತ್ತ ಹೊರಗೆ ಹೋದರು.

ಉಳಿದರ್ಧ ನನ್ನ ಮುಂದಿತ್ತು. ಹೊಟ್ಟೆ ಚುರುಗುಟ್ಟುತ್ತಿತ್ತು. ಹಿಂದೆ ತಿರುಗಿ ನೋಡಿದೆ, ಸಾಲಿನಲ್ಲಿ ಇನ್ನೂ ಜನರಿದ್ದರು.

“ಅದರಲ್ಲಿ ಅರ್ಧ ಕೊಡಿ,” ಎಂದೆ.