ಹೈದರ್ ಸಾಬ್ರ ಸೀಟು

ಹೊಸಕೋಟೆಯಲ್ಲಿ ಮಳೆ ಹಿಡಿದರೆ ರಸ್ತೆ ಯಾವುದು, ಮೋರಿ ಯಾವುದು ಎಂದು ಊರಿನವರಿಗೂ ಗೊತ್ತಾಗುವುದಿಲ್ಲ. ಅಂಥದ್ದೊಂದು ಸಂಜೆ ಕೆಂಪರಾಜ್ ತನ್ನ ಹಳೆಯ ಬಿಳಿ ಕಾರನ್ನು ಸಿಗ್ನಲ್ಲಿನಲ್ಲಿ ಮೊದಲನೇ ಗೇರಿಗೆ ಹಾಕಲಾರದೆ ಹೆಣಗಾಡಿ, ಹಿಂದಿನ ಲಾರಿಯವನಿಂದ ಬೈಸಿಕೊಂಡು, ಕೊನೆಗೆ ಹೆಂಡತಿ ಚಂದನಳ ಜೊತೆ ತಳ್ಳಿಕೊಂಡೇ ಬಂದು ಚಲಪತಿ ಮೇಸ್ತ್ರಿಯ ಗ್ಯಾರೇಜಿನ ತಗಡಿನಡಿ ನಿಲ್ಲಿಸಿದ. ಕಾರು ಕೊಂಡು ಹನ್ನೆರಡು ದಿನವಷ್ಟೇ ಆಗಿತ್ತು. ಚಂದನ ಆ ಹನ್ನೆರಡು ದಿನವೂ ಹಿಂದಿನ ಸೀಟಿನಲ್ಲೇ ಕೂತಿದ್ದಳು. ಮುಂದೆ ಕೂತರೆ ಯಾಕೋ ಇರುಕಾಗುತ್ತದೆ ಎಂದು ಅವಳು, ಅಷ್ಟಗಲದ ಸೀಟಿನಲ್ಲಿ ಇರುಕೇನು ಬಂತು ಎಂದು ಇವನು, ಇದೇ ಅವರಿಬ್ಬರ ದಿನದ ಜಗಳವಾಗಿತ್ತು.

ಚಲಪತಿ ಮೇಸ್ತ್ರಿಗೆ ಎಪ್ಪತ್ತು ದಾಟಿತ್ತು. ಗಿರಾಕಿ ಬಾಯಿ ಬಿಡುವ ಮೊದಲೇ ಗಾಡಿಯ ಕಾಯಿಲೆ ತಾನೇ ಹೇಳಿ, ಜೊತೆಗೆ ನಾಲ್ಕು ಮಾತು ಬೈದು ಕಳಿಸುವ ಮನುಷ್ಯ. ಗ್ಯಾರೇಜಿನ ಮೂಲೆಯಲ್ಲೇ ಟೀ ಮಾರುವ ಅನುಸೂಯಮ್ಮ ಕೊಟ್ಟ ಲೋಟ ಅವನ ಕೈಯಲ್ಲಿತ್ತು.

"ಏನಪ್ಪಾ, ಕ್ಲಚ್ ಕೇಬಲ್ ಹೋಯ್ತಾ?"

"ಗೊತ್ತಿಲ್ಲ ಮೇಸ್ತ್ರಿ, ಇವತ್ತೇ ಶುರುವಾಗಿದ್ದು. ಎಂಜಿನ್ ಆಫ್ ಮಾಡಿದ್ರೆ ಗೇರ್ ಸಲೀಸಾಗಿ ಬೀಳ್ತದೆ, ಸ್ಟಾರ್ಟ್ ಮಾಡಿದ್ರೆ ಗಟ್ಟಿ. ಹೆಂಗೆ ಹೇಳ್ಲಿ… ನನ್ನ ಕೈ ಮೇಲೆ ಯಾರೋ ಕೈ ಇಟ್ಟು ಹಿಡ್ಕೊಂಡಂಗೆ ಆಗ್ತದೆ."

ಮೇಸ್ತ್ರಿ ಲೋಟವನ್ನು ಕೆಳಗಿಟ್ಟ. ಕಾರಿನ ಎಡಬಾಗಿಲು ತೆಗೆದು ಬಗ್ಗಿ, ಕಾಲಿಡುವ ಜಾಗದ ಮ್ಯಾಟು ಎತ್ತಿದ. ಅಲ್ಲಿ ರಬ್ಬರಿನಿಂದ ಮುಚ್ಚಿದ ಎರಡು ತೂತುಗಳಿದ್ದವು. ಅವನ್ನು ಬೆರಳಿನಿಂದ ಸವರಿ ನೋಡಿ, ಬಾಗಿಲನ್ನು ಸದ್ದಾಗದಂತೆ ಮುಚ್ಚಿದ.

"ಅನುಸೂಯಮ್ಮಾ, ಟೀ ಇಡು. ಹೈದರ್ ಸಾಬ್ರ ಗಾಡಿ ವಾಪಸ್ ಬಂದಿದೆ."

ಅನುಸೂಯಮ್ಮ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಕೆಂಪರಾಜ್‌ಗೆ ಅದು ಅಷ್ಟಾಗಿ ಹಿಡಿಸಲಿಲ್ಲ. ಸ್ಪಾನರು ಹಿಡಿಯಬೇಕಾದ ಮನುಷ್ಯ ಸ್ಟೂಲು ಎಳೆದುಕೊಂಡು ಕೂತುಬಿಟ್ಟಿದ್ದ.

"ಕೂತ್ಕೊಳ್ಳಿ ಇಬ್ರೂ, ಆ ಟಯರ್ ಮೇಲೆ. ಈ ಮಳೆ ಈಗ ನಿಲ್ಲಲ್ಲ. ನಿಮ್ಮ ಗಾಡಿ ರಿಪೇರಿ ಅಂದ್ರೆ ಈ ಕತೆ ಕೇಳೋದೇ… ನಗ್ಬೇಡ ಗುರು, ಮೊದಲು ಕೇಳು.

"ಈ ಊರಲ್ಲಿ ಸ್ಟೇರಿಂಗ್ ಹಿಡಿಯೋರಲ್ಲಿ ಅರ್ಧ ಜನ ಇದೇ ಗಾಡೀಲಿ ಕಲ್ತೋರು. ಹೈದರ್ ಸಾಬ್ರು ಡ್ರೈವಿಂಗ್ ಸ್ಕೂಲ್ ಇಟ್ಟಿದ್ರು. ಅವರು ಕೂರ್ತಿದ್ದಿದ್ದು ಎಡಗಡೆ ಸೀಟು, ಅಲ್ಲೂ ಅವರಿಗೆ ಅಂತ ಕ್ಲಚ್ಚು ಬ್ರೇಕು ಇತ್ತು, ಆ ಎರಡು ತೂತು ಅದರದ್ದೇ. ಅವರದ್ದೊಂದು ಪದ್ಧತಿ… ಕಲಿಯೋರು ಗೇರ್ ಮೇಲೆ ಎಡಗೈ ಇಟ್ರೋ, ಇವರು ತಮ್ಮ ಬಲಗೈ ತಂದು ಆ ಕೈ ಮೇಲೆ ಇಡೋರು. ಕ್ಲಚ್ಚು ನೆಲ ಮುಟ್ಟೋವರೆಗೂ ಗೇರ್ ಅಲ್ಲಾಡಕ್ಕೆ ಬಿಡ್ತಿರ್ಲಿಲ್ಲ. 'ಪೂರಾ ತುಳಿ, ಆಮೇಲೆ ಹಾಕು.' ಇಷ್ಟೇ ಪಾಠ, ಬೆಳಗ್ಗಿಂದ ಸಂಜೆವರೆಗೂ ಅದೇ ಮಾತು. ನೀನು ಕಲಿತಾ ಹೋದಂಗೆ ಆ ಕೈ ಹಗುರ ಆಗ್ತಾ ಹೋಗೋದು, ಒಂದಿನ ನೋಡಿದ್ರೆ ಕೈಯೇ ಇರ್ತಿರ್ಲಿಲ್ಲ… ಅವತ್ತು ನೀನು ಡ್ರೈವರ್ ಆದೆ ಅಂತ.

"ಸಾಬ್ರಿಗೆ ಒಬ್ಬಳೇ ಮಗಳು, ಜಬೀನ್. ಊರಿಗೆಲ್ಲಾ ಕಲಿಸಿದೋರು ಮಗಳಿಗೆ ಕಲಿಸ್ಲಿಲ್ಲ. ಬೇಡ ಅಂತ ಒಂದಿನಾನೂ ಅನ್ಲಿಲ್ಲ ಕಣಮ್ಮಾ, ಅದೇ ನೋಡು ಹೊಟ್ಟೆ ಉರಿಸೋದು. ರಂಜಾನ್ ಮುಗೀಲಿ ಅಂದ್ರು, ಪರೀಕ್ಷೆ ಕಳೀಲಿ ಅಂದ್ರು, ಮಳೆ ನಿಲ್ಲಲಿ ಅಂದ್ರು… ಮುಂದಕ್ಕೆ ಹಾಕ್ತಾನೇ ಹೋದ್ರು. ಅಷ್ಟರಲ್ಲಿ ಅವರಿಗೇ ಮೈಗೆ ಹುಷಾರಿಲ್ಲದಂಗಾಗಿ ಸ್ಕೂಲ್ ಮುಚ್ಚಿದ್ರು. ಇನ್ನು ಮನೆ ಗಾಡಿ ತಾನೆ, ಎರಡನೇ ಪೆಡಲ್ ಯಾಕೆ ಅಂತ ಕಿತ್ತು ಹಾಕಿದ್ರು. ಕಿತ್ತೋನು ಯಾರು? ನಾನೇ. ಈ ಕೈಲೇ."

ಚಂದನ ಗಂಡನ ಕಡೆ ಒಮ್ಮೆ ನೋಡಿದಳು. ಕೆಂಪರಾಜ್ ಟೀ ಆರಿದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡುವುದರಲ್ಲಿ ಮುಳುಗಿದ್ದ.

"ಎಂಟು ವರ್ಷದ ಹಿಂದಿನ ಮಾತು. ಒಂದು ಶುಕ್ರವಾರ ಮಧ್ಯಾಹ್ನ. ಗಂಡಸರೆಲ್ಲಾ ಜುಮ್ಮಾ ನಮಾಜಿಗೆ ಹೋಗಿದ್ದಾರೆ, ಬೀದೀಲಿ ನರಪಿಳ್ಳೆ ಇಲ್ಲ. ಬೆಳಗ್ಗಿಂದ ಎದೆ ಒಂಥರಾ ಅಂತ ಸಾಬ್ರು ಮನೇಲೇ ಉಳ್ಕೊಂಡಿದ್ರು. ಇದ್ದಕ್ಕಿದ್ದಂಗೆ ನೋವು ಜಾಸ್ತಿ ಆಯ್ತು. ಬಾಗಿಲಲ್ಲೇ ಗಾಡಿ ನಿಂತಿದೆ, ಆಸ್ಪತ್ರೆ ಒಂದು ಮೈಲಿ ಇಲ್ಲ, ಮನೇಲಿರೋಳು ಮಗಳೊಬ್ಬಳೇ. ಹೆಂಗೋ ಅಪ್ಪನ್ನ ಎತ್ತಿ ಎಡಗಡೆ ಸೀಟಲ್ಲಿ ಕೂರಿಸಿದ್ಲು. ತಾನು ಸ್ಟೇರಿಂಗ್ ಹಿಂದೆ ಕೂತು ಸ್ಟಾರ್ಟ್ ಮಾಡಿದ್ಲು, ಗೇರಿಗೆ ಕೈ ಹಾಕಿದ್ಲು… ಬೀಳ್ಲಿಲ್ಲ. ಕರಕರ ಅಂತ ಸದ್ದು, ಅಷ್ಟೇ. ಸಾಬ್ರು ತಮ್ಮ ಬಲಗೈ ತಂದು ಅವಳ ಕೈ ಮೇಲೆ ಇಟ್ರಂತೆ. ಏನೋ ಹೇಳಕ್ಕೆ ಬಾಯಿ ತೆಗೆದ್ರಂತೆ, ಉಸಿರು ಬಂತು, ಮಾತು ಬರ್ಲಿಲ್ಲ. ಏನು ಹೇಳಕ್ಕೆ ಹೋದ್ರು ಅಂತ ಆ ಹುಡುಗಿಗೆ ಹೆಂಗೆ ಗೊತ್ತಾಗ್ಬೇಕು? ಅವಳಿಗೆ ಆ ಪಾಠಾನೇ ಆಗಿರ್ಲಿಲ್ವಲ್ಲಾ… ನಮಾಜ್ ಮುಗಿಸ್ಕೊಂಡು ಬಂದೋರು ನೋಡೋ ಹೊತ್ತಿಗೆ ಆ ಕೈ ತಣ್ಣಗಾಗಿತ್ತು. ಒಂದೊಂದೇ ಬೆರಳು ಬಿಡಿಸಬೇಕಾಯ್ತಂತೆ.

"ನಲವತ್ತು ದಿನ ಕಳೆದ ಮೇಲೆ ಗಾಡೀನ ಇಲ್ಲಿಗೆ ತಳ್ಳಿಸ್ಕೊಂಡು ಬಂದ್ಲು. ಅಳು ಇಲ್ಲ, ಕೂಗು ಇಲ್ಲ. 'ಮೇಸ್ತ್ರಿ, ಗೇರ್ ಕೆಟ್ಟಿತ್ತಾ, ಇಲ್ಲಾ ನಂಗೆ ಹಾಕಕ್ಕೆ ಬರ್ಲಿಲ್ವಾ? ಬಿಚ್ಚಿ ನೋಡಿ ಅಷ್ಟು ಹೇಳಿ ಸಾಕು' ಅಂದ್ಲು. ಇದು ಗೇರಿನ ಪ್ರಶ್ನೆನಾ ನೀನೇ ಹೇಳು? ಗೇರ್ ಕೆಟ್ಟಿದ್ರೆ ಅಪ್ಪ ಗಾಡಿಯಿಂದ ಸತ್ರು. ಇಲ್ಲಾಂದ್ರೆ ನನ್ನಿಂದ ಸತ್ರು ಅಂತ ಆ ಹುಡುಗಿ ಸಾಯೋವರೆಗೂ ಕೊರಗಬೇಕು.

"ಸರಿ, ಕೂತೆ. ಎಂಜಿನ್ ಆಫ್, ಗೇರ್ ಸಲೀಸು. ಆನ್ ಮಾಡಿದ್ರೆ ಗಟ್ಟಿ, ಪೆಡಲ್ ನೆಲಕ್ಕೆ ತಾಗಿಸಿದ್ರೂ ಗಟ್ಟಿ. ಹಂಗಿದ್ರೆ ಕ್ಲಚ್ ಬಿಡಿಸ್ಕೊಳ್ತಿಲ್ಲ ಅಂತ ಅರ್ಥ, ಇದು ನಿನ್ನೆ ಮೊನ್ನೆ ಸ್ಪಾನರ್ ಹಿಡಿದೋನಿಗೂ ಗೊತ್ತು. ಖುಷಿಯಾಯ್ತು ನಂಗೆ, ಗಾಡೀದೇ ತಪ್ಪು ಅಂತ. ಕೇಬಲ್ ನೋಡ್ದೆ… ಚೆನ್ನಾಗಿದೆ. ಗೇರ್ ಆಯಿಲ್ ಇಳಿಸ್ದೆ… ಒಂದು ಚೂರು ಕಬ್ಬಿಣದ ಪುಡಿ ಇಲ್ಲ. ಗೇರ್ ರಾಡಿನ ಸುತ್ತ ಬಳೆಯಂಗೆ ಕೂರೋ ಬುಷ್ ನೋಡ್ದೆ, ಕೊನೆಗೆ ಗೇರ್‌ಬಾಕ್ಸೇ ಕೆಳಗಿಳಿಸಿ ಕ್ಲಚ್ ಪ್ಲೇಟಿಂದ ಹಿಡಿದು ಒಂದೊಂದು ಹಲ್ಲನ್ನೂ ಬಟ್ಟೇಲಿ ಒರೆಸಿ ಬೆಳಕಿಗೆ ಹಿಡಿದು ನೋಡ್ದೆ. ಯಾವುದೂ ಸವೆದಿಲ್ಲ. ಮತ್ತೆ ಜೋಡಿಸ್ದೆ… ಮತ್ತೆ ಗಟ್ಟಿ! ಭಯ ಅಲ್ಲ ಗುರು, ತಲೆ ಕೆಟ್ಟೋಯ್ತು. ಆರು ದಿನ ಊಟಕ್ಕೆ ಕೂತ್ರೂ ನನ್ನ ಎಡಗೈ ಗಾಳೀಲಿ ಗೇರ್ ಹಾಕ್ತಿತ್ತು. ಕೇಳು ಬೇಕಾದ್ರೆ ಅನುಸೂಯಮ್ಮನ್ನ."

"ಅನ್ನ ಕಲಸೋ ಬದಲು ಅದೇ ಮಾಡ್ತಿತ್ತು ಮುದುಕ," ಎಂದಳು ಅನುಸೂಯಮ್ಮ.

"ಏಳನೇ ದಿನ ಜಬೀನ್ ಬಂದ್ಲು. ಏನು ಹೇಳ್ಲಿ? ಬದಲಾಯಿಸಿದ ಹಳೇ ಸಾಮಾನನ್ನ ಗಿರಾಕಿಗೆ ಅಂಗೈ ಮೇಲಿಟ್ಟು ತೋರಿಸೋದು ನಮ್ಮ ಕಸುಬಿನ ಮರ್ಯಾದೆ. ಐವತ್ತು ವರ್ಷದಲ್ಲಿ ನಾನು ಒಂದು ಸಲಾನೂ ಸುಳ್ಳು ಸಾಮಾನು ತೋರಿಸಿದೋನಲ್ಲ. ಅವತ್ತು ಗುಜರಿ ಡಬ್ಬಕ್ಕೆ ಕೈ ಹಾಕಿ, ಯಾವುದೋ ಗಾಡಿದು ಸವೆದುಹೋದ ಬುಷ್ ತೆಗೆದು ತೋರಿಸ್ದೆ. 'ಇದೇ ನೋಡಮ್ಮಾ, ಇದು ಹೋಗಿತ್ತು, ನಿನ್ನ ತಪ್ಪೇನಿಲ್ಲ' ಅಂದೆ. ಆ ಹುಡುಗಿ ಅದನ್ನ ಮುಷ್ಟೀಲಿ ಹಿಡ್ಕೊಂಡು ಅತ್ತಿದ್ದು ನೋಡ್ಬೇಕಿತ್ತು ನೀವು… ಅತ್ತು ಮುಗಿಸಿ, ಕಣ್ಣೊರೆಸ್ಕೊಂಡು, 'ಈಗ ಸರಿ ಹೋಗಿದ್ಯಲ್ಲಾ, ಒಂದ್ಸಲ ಹಾಕಿ ತೋರ್ಸಿ' ಅಂದ್ಲು.

"ಸಿಕ್ಹಾಕ್ಕೊಂಡೆ. ಕೂತೆ, ಹಾಕ್ದೆ, ಬೀಳ್ಲಿಲ್ಲ. ನನ್ನ ಮುಖ ನೋಡಿದ್ಲು. ಬುಷ್ಷನ್ನ ಬೆಂಚಿನ ಮೇಲೆ ಇಟ್ಲು. 'ಗಾಡೀಲಿ ಏನೂ ಇಲ್ಲ ಅಲ್ವಾ ಮೇಸ್ತ್ರಿ?' ನಾನು ತಲೆ ತಗ್ಗಿಸ್ದೆ. ಅಷ್ಟು ನಾಚಿಕೆ ನಂಗೆ ಯಾವತ್ತೂ ಆಗಿಲ್ಲ. 'ಹೋಗ್ಲಿ ಬಿಡಿ, ಅಬ್ಬಾನ ಗಾಡೀಲಿ ಒಂದ್ಸಲ ಕೂತು ಹೋಗ್ತೀನಿ' ಅಂತ ಸ್ಟೇರಿಂಗ್ ಹಿಂದೆ ಕೂತ್ಲು. ಒಬ್ಬಳೇ ಯಾಕೆ ಅಂತ ನಾನು ಎಡಗಡೆ ಬಾಗಿಲು ತೆಗೆದೆ… ಸೀಟು ನೋಡ್ದೆ…"

ಮೇಸ್ತ್ರಿ ತಲೆಯೆತ್ತಿ ಕಾರಿನ ಎಡಬಾಗಿಲನ್ನು ನೋಡಿದ. ತಗಡಿನ ಮೇಲೆ ಮಳೆ ಸುರಿಯುತ್ತಲೇ ಇತ್ತು.

"ಸೀಟಿನ ಸ್ಪಂಜು ಕೆಳಕ್ಕೆ ಕುಸಿದಿತ್ತು. ಯಾರೋ ಕೂತಿದ್ರೆ ಎಷ್ಟು ಕುಸೀತದೋ ಅಷ್ಟು. ಬಾಗಿಲು ಮೆತ್ತಗೆ ಮುಚ್ಚಿ ಹಿಂದೆ ಹೋಗಿ ಕೂತೆ. ಜಬೀನ್ ಗೇರ್ ಮೇಲೆ ಕೈ ಇಟ್ಲು. 'ಪೂರಾ ತುಳೀಬೇಕಾ?' ಅಂದ್ಲು. 'ಯಾರಮ್ಮಾ ಹಂಗಂದಿದ್ದು?' ಅಂದೆ. 'ನೀವೇ ತಾನೆ ಈಗ ಅಂದಿದ್ದು?' ಅಂದ್ಲು. ದೇವರಾಣೆ ನಾನು ತುಟಿ ಬಿಚ್ಚಿರ್ಲಿಲ್ಲ… ತುಳಿದ್ಲು. ಆರು ದಿನ ನನ್ನ ಪ್ರಾಣ ತಿಂದ ಗೇರು ಬೆಣ್ಣೇಲಿ ಬೆರಳಿಟ್ಟಂಗೆ ಇಳೀತು. ಅವಳು ತನ್ನ ಎಡಗೈಯನ್ನೇ ನೋಡ್ತಾ ಕೂತ್ಲು. 'ಮೇಸ್ತ್ರಿ… ಬೆಚ್ಚಗಿದೆ' ಅಂದ್ಲು.

"ಅವತ್ತು ಕೆರೆ ಏರಿವರೆಗೂ ಅವಳೇ ಓಡಿಸಿದ್ಲು. 'ಗೇರ್ ಕೆಟ್ಟಿರ್ಲಿಲ್ಲ, ನನ್ನ ತಪ್ಪೂ ಅಲ್ಲ, ಕಲಿಸದೆ ಹೋದೆ ಅಂತ ಅಬ್ಬಾನೇ ಗೇರ್ ಹಿಡ್ಕೊಂಡು ಕೂತಿದ್ರು' ಅಂದ್ಲು. ಆಮೇಲೆ ನಾಲ್ಕು ವರ್ಷ ಪಿಲ್ಲಗುಂಪೆ ಫ್ಯಾಕ್ಟರಿಗೆ ಇದೇ ಗಾಡೀಲಿ ಹೋಗಿ ಬಂದ್ಲು. ಮೂರು ತಿಂಗಳಿಗೇ ಆ ಕೈ ಹಗುರ ಆಗಿ, ಒಂದಿನ ಇಲ್ಲವೇ ಇಲ್ಲವಂತೆ. ಅವತ್ತು ಬಂದು ಇಲ್ಲೇ ಕೂತು ಮತ್ತೆ ಅತ್ಲು. ಮದುವೆಯಾಗಿ ಕೋಲಾರಕ್ಕೆ ಹೋಗೋವಾಗ ಗಾಡಿ ಮಾರಿದ್ಲು. ಆಮೇಲೆ ಯಾರ್ಯಾರ ಕೈ ದಾಟಿತೋ, ಈಗ ನಿನ್ನ ಹತ್ರ ಬಂದಿದೆ."

ಕೆಂಪರಾಜ್‌ಗೆ ತನ್ನ ಎಡಗೈಯನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಕೊನೆಗೆ ಜೇಬಿಗೆ ಹಾಕಿಕೊಂಡ. "ಹಂಗಿದ್ರೆ ಸಾಬ್ರು ಹೋಗ್ಬಿಟ್ರಲ್ಲಾ ಮೇಸ್ತ್ರಿ. ಮತ್ತೆ ನಂಗ್ಯಾಕೆ ಗಟ್ಟಿ?"

"ಅದೇ ನಾನೂ ಆಗಿಂದ ಯೋಚನೆ ಮಾಡ್ತಿರೋದು…" ಮೇಸ್ತ್ರಿ ಚಂದನಳ ಕಡೆ ತಿರುಗಿದ. "ನಿಂಗೆ ಗಾಡಿ ಓಡಿಸಕ್ಕೆ ಬರುತ್ತೇನಮ್ಮಾ?"

"ಇಲ್ಲ. ಮುಂದೆ ಕೂತ್ರೆ ಇರುಕಾಗುತ್ತೆ ಅಂತ ಹಿಂದೇನೇ ಕೂರ್ತೀನಿ. ನಂಗೆ ಕಲಿಸ್ತೀನಿ ಅಂತಾನೇ ಇದನ್ನ ತಗೊಂಡಿದ್ದು. ಎಲ್‌ಎಲ್ ಲೈಸೆನ್ಸ್ ಕೂಡ ಮಾಡಿಸ್ದೆ. ಮೊದಲು ಭಾನುವಾರ ಅಂದ್ರು," ಎಂದಳು ಚಂದನ. "ಇವತ್ತು ಬೆಳಗ್ಗೆ ಕೇಳಿದ್ರೆ ಮಳೆ ನಿಲ್ಲಲಿ ಅಂದ್ರು."

ಕೆಂಪರಾಜ್‌ಗೆ ಭಯಕ್ಕಿಂತ ನಾಚಿಕೆಯೇ ಹೆಚ್ಚಾಯಿತು. ಜೇಬಿನಿಂದ ಕೀ ತೆಗೆದು ಹೆಂಡತಿಯ ಕೈಗೆ ಕೊಟ್ಟ.

ಮಳೆ ಸ್ವಲ್ಪ ಇಳಿದಿತ್ತು. ಚಂದನ ಸ್ಟೇರಿಂಗ್ ಹಿಂದೆ ಕೂತಳು. ಪಕ್ಕದಲ್ಲಿ ಕೂತು ಹೇಳಿಕೊಡೋಣವೆಂದು ಕೆಂಪರಾಜ್ ಎಡಬಾಗಿಲಿಗೆ ಕೈ ಹಾಕುತ್ತಿದ್ದಂತೆ ಮೇಸ್ತ್ರಿ ಅವನ ರಟ್ಟೆ ಹಿಡಿದ.

"ಅಲ್ಲಿ ಬೇಡ ಗುರು. ಹಿಂದೆ ಕೂತ್ಕೊ. ನಿನ್ನ ಹೆಂಡ್ತಿ ಇಷ್ಟು ದಿನ ಇರುಕು ಇರುಕು ಅಂದ್ರೂ ನಿಂಗೆ ಅರ್ಥ ಆಗ್ಲಿಲ್ವಲ್ಲಾ."

ಅವನು ಹಿಂದೆ ಹೋಗಿ ಕೂತ. ಎಂಜಿನ್ ಸದ್ದು ಮಾಡಿತು. ಚಂದನ ಕ್ಲಚ್ಚನ್ನು ನೆಲಕ್ಕೆ ಒತ್ತಿದಳು, ಗೇರು ಒಂದಿಷ್ಟೂ ಸದ್ದಿಲ್ಲದೆ ಬಿತ್ತು. ಅವಳು ಹಿಂದಕ್ಕೆ ತಿರುಗಿ ಗಂಡನನ್ನು ನೋಡಲಿಲ್ಲ, ತನ್ನ ಎಡಗೈಯನ್ನೇ ನೋಡುತ್ತಿದ್ದಳು.

ಕಾರು ಹೊರಡುವ ಮೊದಲು ಚಲಪತಿ ಮೇಸ್ತ್ರಿ ಬಗ್ಗಿ, ಎಡಗಡೆಯ ಕಿಟಕಿಯ ಗಾಜಿನ ಮೇಲಿನ ನೀರನ್ನು ಅಂಗೈಯಿಂದ ಒರೆಸಿದ. ದಿನಾ ನೋಡುವವರೊಡನೆ ಮಾತಾಡುವಂತೆ, ಖಾಲಿ ಸೀಟಿಗೆ ಹೇಳಿದ:

"ನಿಧಾನಕ್ಕೆ ಕರ್ಕೊಂಡು ಹೋಗಿ ಸಾಬ್ರೇ, ರೋಡು ಜಾರುತ್ತೆ."