ಒಂದೇ ನಂಬರಿನ ಎರಡು ಡ್ರೈವ್

ಕಡೂರು ಬಸ್ ನಿಲ್ದಾಣದಲ್ಲಿ ತರೀಕೆರೆ ಬಸ್ಸಿಗೆ ಕಾಯುತ್ತಿದ್ದ ಕೋಮಲಾಳ ಹಿಂದಿನ ಬೆಂಚಿನಲ್ಲಿ ಎಣ್ಣೆ ಪ್ಯಾಕಿಂಗ್ ಕಾರ್ಖಾನೆಯ ಇಬ್ಬರು ಕೂತಿದ್ದರು. ಕಂಡವರ ಮಾತು ಕೇಳಬಾರದೆಂದು ಅವಳು ಮೊಬೈಲ್ ತೆಗೆದಳು. ಕಿವಿ ಮಾತ್ರ ಅಲ್ಲೇ ಉಳಿಯಿತು.

“ಅಖೀಲ್ ಇನ್ನೂ ಒದ್ದಾಡ್ತಾ ಇದಾನಂತೆ ಕಣೋ ಜುಲ್ಫಿ. ಮೋಟರ್ ಓಡಿಸೋ ಹೊಸ ಸರ್ವೋ ಡ್ರೈವ್ ಹಾಕಿದ್ಮೇಲೆ ಪ್ಯಾಕಿಂಗ್ ಮಷೀನ್ ಓಡ್ತಾನೇ ಇಲ್ಲ.”

“ಒದ್ದಾಡ್ಲಿ ಬಿಡು ವಿಶ್ವಣ್ಣ. ಅವನಿಗೆ ಟೆಸ್ಟರ್ ಹಿಡಿಯೋದು ಕಲಿಸಿದ್ದು ನಾನು. ಈಗ ಯಜಮಾನ್ರಿಗೆ ಅವನು ‘ಅಖೀಲ್ ಅವರೇ’, ನಾನು ‘ಲೇ ಜುಲ್ಫಿ’.”

“ಏನಾಗಿದೆ ಅಂತ ನಿಂಗೊತ್ತು ತಾನೆ?”

“ಹೊಸ ಡ್ರೈವ್ ಡಬ್ಬದಿಂದ ಬರುವಾಗ್ಲೇ ಅದರ ನಂಬರ್ ಒಂದು ಅಂತಿರುತ್ತೆ. ಅದೇ ಕೇಬಲ್‌ನಲ್ಲಿ ಒಂದನೇ ನಂಬರಿನ ಡ್ರೈವ್ ಆಗ್ಲೇ ಇದೆ. ಮಷೀನ್ ನಡೆಸೋ ಕಂಟ್ರೋಲರ್ ಒಂದನೇ ನಂಬರನ್ನ ಕರೆದ್ರೆ ಎರಡೂ ಓಗೊಡ್ತವೆ. ಯಾರ ಮಾತು ಕೇಳ್ಬೇಕು ಅದು? ಹೊಸದರ ನಂಬರ್ ಬದಲಾಯಿಸಿದ್ರೆ ಮುಗೀತು.”

“ಫೋನ್ ಮಾಡಿ ಹೇಳೋ. ಇವತ್ತು ಓಡದಿದ್ರೆ ಆ ಮಷೀನು ಅವನ ಕೈ ತಪ್ಪುತ್ತಂತೆ.”

“ತಪ್ಪಿದ್ರೆ ನನ್ನ ಕೈಗೆ ಬರುತ್ತೆ. ಬರ್ಲಿ.”

“ಹೊಟ್ಟೆಕಿಚ್ಚು ಕಣೋ ನಿಂಗೆ.”

“ಹೌದು, ಉರಿಯುತ್ತೆ. ಏನೀಗ?”

ಜುಲ್ಫಿಕರನ ಫೋನ್ ಹೊಡೆದುಕೊಂಡಿತು. ಎತ್ತುವುದಿಲ್ಲವೇನೋ ಎಂದುಕೊಂಡಳು ಕೋಮಲಾ. ಎತ್ತಿದ.

“ಹೇಳು ಅಖೀಲ್... ಯಜಮಾನ್ರು ಅಲ್ಲೇ ಇದಾರಾ? ಹೊರಟ್ರಾ? ಹೊರಡೋಕೆ ಬಿಡ್ಬೇಡ, ಕಾಫಿ ತರಿಸ್ಕೊಡು. ನೀನು ಏನೂ ಮುಟ್ಬೇಡ. ನಾನೇ ಬತ್ತೀನಿ.”

“ಫೋನಲ್ಲೇ ಹೇಳ್ಬೋದಿತ್ತಲ್ಲೋ,” ಎಂದ ವಿಶ್ವನಾಥ.

“ಫೋನಲ್ಲಿ ಹೇಳಿದ್ರೆ ಮತ್ತೆ ಅವನೇ ಸರಿಮಾಡ್ದಂಗಾಗುತ್ತೆ.”

ಜುಲ್ಫಿಕರ್ ಎದ್ದು, ಅಂಗಿಯನ್ನು ಪ್ಯಾಂಟಿನೊಳಗೆ ನೀಟಾಗಿ ಸೇರಿಸಿಕೊಂಡು, ಕಾರ್ಖಾನೆಯ ಕಡೆ ಬಿರಬಿರನೆ ಹೊರಟ.